ಬ್ಯಾಟರಿಯಿಂದ ಒಂದು ಗೇಣು

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
೧೦ ಫೆಬ್ರುವರಿ ೨೦೨೫, ಸೋಮವಾರ ಬೆಳಿಗ್ಗೆ

ಪ್ರೀತಿಯ ಮಗ ಮುಜಾಹಿದ್‌ಗೆ,

ನಿನ್ನ ಅಬ್ಬಾನ ಸಲಾಮು. ಹೇಗಿದ್ದೀಯ? ಟೈಲ್ಸ್ ಅಂಗಡಿಯ ಧೂಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿದೆ ಎಂದು ಪಕ್ಕದ ಸೀಟ್ ಕವರ್ ಅಂಗಡಿಯ ಜಮಾಲುದ್ದೀನ್ ಹೇಳಿದ. ಮೂಗಿಗೆ ಬಟ್ಟೆ ಕಟ್ಟಿಕೋ. ನಾಚಿಕೆ ಪಡಬೇಡ, ಧೂಳಿಗೇನು ನಾಚಿಕೆ ಇದೆಯೇ? ನಿನ್ನ ಅಮ್ಮಿಗೆ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಅಲ್ಲಾಹನ ದಯೆಯಿಂದ ಗಟ್ಟಿಮುಟ್ಟಾಗಿದೆ. ದುಬೈಗೆ ಹೋದವರು ಕೂಡ ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆ, ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರಕ್ಕೆ ಹೋದ ನನ್ನ ಮಗ ಎರಡು ವರ್ಷವಾದರೂ ಬರಲಿಲ್ಲ ಎಂದು ದಿನಾ ಹೇಳುತ್ತಾಳೆ. ಹೇಳುವಾಗ ನನ್ನ ಮುಖವನ್ನೇ ನೋಡುತ್ತಾಳೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಏಳನೇ ಕ್ಲಾಸಿನ ಕನ್ನಡ, ಅಕ್ಷರ ನೋಡಿ ನಗಬೇಡ. ಜಮಾಲುದ್ದೀನ್ ನಾಳೆ ಹರಿಹರಕ್ಕೆ ಬರುತ್ತಾನೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ನಮ್ಮ ಕಾರು ವೈರಿಂಗ್ ಅಂಗಡಿ ನಡೆಯುತ್ತಿದೆ. ಈಗ ಬರುವವರಿಗೆಲ್ಲ ಡಿಕ್ಕಿಯಲ್ಲಿ ಸಬ್‌ವೂಫರ್ ಢಂ ಢಂ ಎನ್ನಬೇಕು, ಬೀದಿಯ ಕಿಟಕಿಗಳೆಲ್ಲ ನಡುಗಬೇಕು, ಆದರೆ ತಂತಿ ಮಾತ್ರ ದಾರದಷ್ಟಿದ್ದರೂ ಸಾಕಂತೆ. ಹೋದ ವಾರ ಎಸ್.ಎಸ್. ಬಡಾವಣೆಯಿಂದ ಒಬ್ಬ ಬಂದಿದ್ದ. ಯಾರೋ ಆಂಪ್ಲಿಫೈಯರ್‌ಗೆ ಹೆಡ್‌ಲೈಟಿನ ತಂತಿ ಎಳೆದಿದ್ದಾರೆ, ಬಣ್ಣ ಕೆರೆಯದೆ ಸ್ಕ್ರೂ ತಿರುಗಿಸಿ ಅದನ್ನೇ ಅರ್ತ್ ಎಂದಿದ್ದಾರೆ. ನನಗೆ ಪಿತ್ತ ನೆತ್ತಿಗೇರಿತು. ಹೊಳೆ ನೀರನ್ನು ಬಚ್ಚಲ ಕೊಳವೆಯಲ್ಲಿ ಹರಿಸುತ್ತೀಯೇನಯ್ಯಾ ಎಂದು ಬೈದೆ. ದಪ್ಪ ತಂತಿ ಬೇಕು, ಬಣ್ಣ ಕೆರೆದು ಬರೀ ಕಬ್ಬಿಣಕ್ಕೆ ಅರ್ತ್ ಬಿಗಿಯಬೇಕು, ಬಾನೆಟ್ಟಿನಿಂದ ಒಳಗೆ ಬರುವ ತೂತಿನಲ್ಲಿ ತಂತಿಗೆ ರಬ್ಬರ್ ಬಳೆ ಇರಬೇಕು, ಮತ್ತು ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ... ಅಲ್ಲಿಗೆ ಬಂದ ಕೂಡಲೇ ಮಾತು ತುಂಡರಿಸಿ ಬಾನೆಟ್ ಮುಚ್ಚಿದೆ. ಬೇರೆ ಕಡೆ ಮಾಡಿಸಿಕೊಳ್ಳಿ ಎಂದು ಕಳಿಸಿಬಿಟ್ಟೆ. ನೀನು ಹೋದ ಮೇಲೆ ನಾನು ಒಂದು ಆಂಪ್ಲಿಫೈಯರ್ ಕೂಡ ಕೂರಿಸಿಲ್ಲ. ಹಾರ್ನು, ಲೈಟು, ಅಷ್ಟೇ.

ನೀನು ಕೆಲಸ ಕಲಿಯುವಾಗ ನಿನ್ನ ಗೇಣು ಚಿಕ್ಕದಿತ್ತು, ನೆನಪಿದೆಯೇ? ನನ್ನ ಗೇಣಿಗಿಂತ ಎರಡು ಬೆರಳು ಕಡಿಮೆ. ನನ್ನ ಫ್ಯೂಸು ನಿನ್ನದಕ್ಕಿಂತ ಹತ್ತಿರ ಇರುತ್ತೆ ಅಬ್ಬಾ ಎಂದು ಬೀಗುತ್ತಿದ್ದೆ. ಫ್ಯೂಸು ಇರುವುದು ಆಂಪ್ಲಿಫೈಯರ್ ಕಾಯಲು ಅಲ್ಲ, ತಂತಿ ಕಾಯಲು, ತಂತಿ ಎಲ್ಲೇ ಕಬ್ಬಿಣಕ್ಕೆ ತಗುಲಲಿ, ಬ್ಯಾಟರಿಯ ಬಾಗಿಲಲ್ಲೇ ಅದನ್ನು ತಡೆಯಬೇಕು ಎಂದು ನಾನು ಹೇಳಿಕೊಟ್ಟ ಮಾತನ್ನು ಗಿರಾಕಿಗಳಿಗೆ ನೀನೇ ಪಾಠ ಮಾಡುತ್ತಿದ್ದೆ. ನಿನ್ನ ಗೆಳೆಯ ಪರಶುರಾಮ್‌ನ ಕಾರಿಗೆ ಎರಡು ದಿನ ಹಿಡಿದು ತಂತಿ ಎಳೆದೆ. ಅವನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತ "ಮದುವಿ ಚಪ್ಪರನಾದ್ರೂ ಇಷ್ಟು ನಿಧಾನ ಕಟ್ಟಲ್ಲ ಮಾರಾಯ" ಎಂದು ಕಾಡಿಸುತ್ತಿದ್ದ. ಆ ನಗು ನನ್ನ ಕಿವಿಯಲ್ಲಿದೆ.

ಹರಿಹರದ ಹೊಳೆ ಸೇತುವೆ ಹತ್ತಿರ ಆ ಕಾರಿಗೆ ಬೆಂಕಿ ಬಿದ್ದ ವಿಷಯ ನಾನು ನಿನಗೆ ಹೇಳಬೇಕಿಲ್ಲ. ಹುಚ್ಚು ಹುಡುಗ, ಇಳಿದು ದೂರ ನಿಲ್ಲುವುದು ಬಿಟ್ಟು ಡಿಕ್ಕಿ ತೆಗೆದು ಸಬ್‌ವೂಫರಿನ ಪೆಟ್ಟಿಗೆಯನ್ನು ಹೊರಗೆಳೆಯಲು ಹೋದ. ಪೆಟ್ಟಿಗೆ ಉಳಿಯಿತು. ಅವನು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಹೋದ. ಅವತ್ತು ಸುದ್ದಿ ಬಂದಾಗ ಪೊಲೀಸರಿಗಿಂತ ಮೊದಲು ಅಲ್ಲಿಗೆ ಮುಟ್ಟಿದವನು ನಾನು. ಆಮೇಲೆ ನೋಡಿದವರೆಲ್ಲ ಬ್ಯಾಟರಿ ಹತ್ತಿರ ಫ್ಯೂಸೇ ಇರಲಿಲ್ಲ ಎಂದರು. ಅಂಗಡಿಯ ಮುಂದೆ, ಹತ್ತು ಜನರ ಎದುರು ನೀನು "ಹಾಕೀನಿ ಅಬ್ಬಾ, ಗೇಣು ಅಳೆದೇ ಹಾಕೀನಿ" ಎಂದೆ. "ಹಾಕಿದ್ರೆ ಎಲ್ಲೈತೆ, ತೋರಿಸು" ಎಂದೆ ನಾನು. ನೀನು ನಿನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಮರುದಿನ ನಿನ್ನ ಅಮ್ಮಿಯ ಹತ್ತಿರ "ಹಾಕಿದ್ದೆ ಅನ್ಕಂಡಿದ್ನೇನೋ ಅಮ್ಮಿ, ಮರ್ತೆನೇನೋ" ಎಂದು ಹೇಳಿ ಬಟ್ಟೆಬರೆ ತೆಗೆದುಕೊಂಡು ಹೋದೆ. ಸ್ಕ್ರೂಡ್ರೈವರ್ ಕೂಡ ಒಯ್ಯಲಿಲ್ಲ. ಅದು ಗೂಡಿನಲ್ಲಿ ಹಾಗೇ ಇದೆ.

ಆ ಪೆಟ್ಟಿಗೆ ಈಗ ನಮ್ಮ ಅಂಗಡಿಯ ಮೂಲೆಯಲ್ಲಿದೆ. ಪರಶುರಾಮ್‌ನ ತಾಯಿ ನೀಲಕ್ಕ ಮನೆಯಲ್ಲಿ ಇಟ್ಟುಕೊಳ್ಳಲಾರೆ, ಎಸೆಯಲೂ ಆರೆ ಎಂದು ಇಲ್ಲಿ ತಂದಿಟ್ಟರು. ಅದಕ್ಕೆ ತಂತಿ ಇಲ್ಲ, ಕರೆಂಟ್ ಇಲ್ಲ. ಆದರೂ ಬೀದಿಯಲ್ಲಿ ಯಾವುದಾದರೂ ಕಾರು ಜೋರು ಹಾಡು ಹಾಕಿಕೊಂಡು ಹೋದರೆ ಅದು ಒಳಗಿನಿಂದ ಢುಮ್ ಎನ್ನುತ್ತದೆ. ಕಾರಣ ನನಗೆ ಗೊತ್ತು, ಸ್ಪೀಕರಿನ ಸಡಿಲಾದ ಪರದೆ ಗಾಳಿಯ ಹೊಡೆತಕ್ಕೆ ಅದುರುತ್ತದೆ. ಹಿಂದಿನ ಎರಡು ತುದಿಗೆ ಒಂದು ತುಂಡು ತಂತಿ ಸೇರಿಸಿ ಬಿಟ್ಟರೆ ಬಿಗಿಯಾಗಿ ಸುಮ್ಮನಾಗುತ್ತದೆ. ಎರಡು ನಿಮಿಷದ ಕೆಲಸ. ಆದರೆ ತಂತಿ ಹಿಡಿದು ಅದರ ಹತ್ತಿರ ಹೋದವನು ಪ್ರತಿ ಸಲ ವಾಪಸ್ ಬಂದು ತಂತಿಯನ್ನು ಗೂಡಿನಲ್ಲಿಡುತ್ತೇನೆ. ಮಧ್ಯಾಹ್ನದ ನಮಾಜಿಗೆ ನಿಂತರೂ ಬೆನ್ನ ಹಿಂದೆ ಅದು ಢುಮ್ ಎಂದಂತಾಗುತ್ತದೆ. ಮಸೀದಿಯಲ್ಲಿ ಯಾವ ಪೆಟ್ಟಿಗೆ? ಊಟಕ್ಕೆ ಕೂತರೆ ಅನ್ನದಲ್ಲಿ ಸುಟ್ಟ ರಬ್ಬರಿನ ವಾಸನೆ. ನಿನ್ನ ಅಮ್ಮಿ ಹೊಸ ಕುಕ್ಕರ್ ತಂದಳು, ಆದರೂ ಅದೇ ವಾಸನೆ.

ನೀಲಕ್ಕ ಪ್ರತಿ ಸೋಮವಾರ ಹನ್ನೊಂದಕ್ಕೆ ಬರುತ್ತಾರೆ. ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಅದರ ಮೇಲೆ ಅಂಗೈ ಇಡುತ್ತಾರೆ. ಕಾರು ಹೋಗಿ ಅದು ಅದುರಿದರೆ ಕಣ್ಣು ಮುಚ್ಚಿ "ಐದಾನ, ನನ್ನ ಮಗ ಇಲ್ಲೇ ಐದಾನ" ಎನ್ನುತ್ತಾರೆ. ನಾನು ಚಹಾ ತರಿಸಿ ಕೊಡುತ್ತೇನೆ. ಒಮ್ಮೆ ತಾವಾಗಿಯೇ ಹೇಳಿದರು: "ನಿನ್ನ ಮಗಗ ಶಾಪ ಹಾಕಿಲ್ಲ ಮಸ್ತಾನಣ್ಣ. ಆದ್ರ ಅವನ ಮಾರಿ ನೋಡಾಕ ನನಗ ಆಗಾದಿಲ್ಲ." ನಾನು ಅವರ ಖಾಲಿ ಲೋಟ ಎತ್ತಿಕೊಂಡು ತೊಳೆಯಲು ಹೋದೆ. ಇವತ್ತೂ ಸೋಮವಾರ. ಇನ್ನು ಅರ್ಧ ಗಂಟೆಗೆ ಬರುತ್ತಾರೆ.

ಮಗನೇ, ಮನೆಗೆ ಬಾ ಎಂದು ಬರೆಯಲು ಕೂತವನು ಏನೇನೋ ಬರೆದೆ. ನಿನ್ನ ಅಮ್ಮಿ ಮೆಂತ್ಯದ ಲಡ್ಡು ಕಳಿಸಿದ್ದಾಳೆ, ಕೆಮ್ಮಿಗೆ ಒಳ್ಳೆಯದು, ಹಂಚಿ ಮುಗಿಸಬೇಡ. ಅಲ್ಲಾಹನು ನಿನ್ನ ಕೈಗಳನ್ನು ಕಾಯಲಿ, ನಿನ್ನ ನಿದ್ದೆ ನಿನಗೆ ಮರಳಿ ಕೊಡಲಿ.

ಇಂತಿ ನಿನ್ನ ಅಬ್ಬಾ,
ಮಸ್ತಾನಸಾಬ್

ಮತ್ತೆ: ಲಕೋಟೆ ಅಂಟಿಸಿದ್ದೆ, ಹರಿದು ಬರೆಯುತ್ತಿದ್ದೇನೆ. ಮಧ್ಯಾಹ್ನ ಒಂದು ಗಂಟೆ. ನೀನು ಫ್ಯೂಸು ಹಾಕಿದ್ದೆ. ಗೇಣು ಅಳೆದೇ ಹಾಕಿದ್ದೆ. ಬೆಂಕಿಯ ಹಿಂದಿನ ದಿನ ನೀನು ಸಾಮಾನು ತರಲು ಚಿತ್ರದುರ್ಗಕ್ಕೆ ಹೋಗಿದ್ದಾಗ ಪರಶುರಾಮ್ ಬಂದಿದ್ದ. ಯಾವುದೋ ಗ್ಯಾರೇಜಿನಲ್ಲಿ ಕ್ಲಚ್ ರಿಪೇರಿ ಆದ ಮೇಲೆ ಮೂರು ಸಲ ಫ್ಯೂಸು ಸುಟ್ಟಿತ್ತು. ಅಲ್ಲಿ ರಬ್ಬರ್ ಬಳೆ ಜಾರಿ ತಂತಿ ಕಬ್ಬಿಣಕ್ಕೆ ಉಜ್ಜುತ್ತಿತ್ತು, ಅದನ್ನೇ ಫ್ಯೂಸು ಹೇಳುತ್ತಿತ್ತು. ನಾನು ಬಗ್ಗಿ ನೋಡಲಿಲ್ಲ. ಅವನಿಗೆ ಯಾರದೋ ಮದುವೆ ಮೆರವಣಿಗೆಯ ಅವಸರ. ಮನೆಗಳ ಫ್ಯೂಸಿಗೆ ನಲವತ್ತು ವರ್ಷ ತಂತಿ ಸುತ್ತಿದ ಕೈ ಇದು, ಹೀಟರಿಗೆ ಎರಡೆಳೆ ಸುತ್ತಿದ ಹಾಗೆ ಸುಟ್ಟ ಫ್ಯೂಸಿನ ಮೇಲೆ ತಾಮ್ರದ ಇಪ್ಪತ್ತೆಳೆ ಸುತ್ತಿಬಿಟ್ಟೆ. ಇನ್ನು ಫ್ಯೂಸು ಸುಡುವ ಹಾಗಿರಲಿಲ್ಲ, ತಂತಿಯೇ ಸುಡಬೇಕು. "ನಾಳೆ ಮುಜಾಹಿದ್ ಬಂದ್ ಮ್ಯಾಲೆ ತೋರ್ಸು" ಎಂದೆ. ಬೆಂಕಿಯಾದ ಮೇಲೆ ಮೊದಲು ಹೋಗಿ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡವನೂ ನಾನೇ.

ಈಗ ನೀಲಕ್ಕನಿಗೆ ಎಲ್ಲ ಹೇಳಿದೆ. ಪೆಟ್ಟಿಗೆಯ ಮೇಲಿನ ಕೈ ತೆಗೆಯದೆ ಕೇಳಿದರು. ಕೊನೆಗೆ "ಎರಡು ವರ್ಷ ನನಗ ಚಾ ಕುಡಿಸಿದೆಲ್ಲ ಮಸ್ತಾನಣ್ಣ" ಎಂದು ಎದ್ದು ಹೋದರು. ಚಹಾ ಹಾಗೇ ಆರಿದೆ. ಶುಕ್ರವಾರ ನಮಾಜು ಮುಗಿಸಿ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಕೊಡುತ್ತೇನೆ. ಆ ಫ್ಯೂಸು ಈ ಲಕೋಟೆಯಲ್ಲೇ ಇದೆ, ನಾನು ಸುತ್ತಿದ ತಂತಿ ಇನ್ನೂ ಅದರ ಮೇಲಿದೆ, ನೋಡು. ಠಾಣೆಗೆ ಅದು ಬೇಕು, ಆದರೆ ನನ್ನ ಹತ್ತಿರ ಇದ್ದರೆ ಮತ್ತೆ ಬಚ್ಚಿಡುತ್ತೇನೇನೋ ಎಂಬ ಹೆದರಿಕೆ. ನೀನೇ ತಂದುಕೊಡು. ಹೊಳೆಗೆ ಎಸೆದರೂ ನಾನು ಹೋಗುವುದು ಹೋಗುವುದೇ. ಆದರೆ ಅದಕ್ಕೆ ಮೊದಲು ಒಮ್ಮೆ ನಿನ್ನ ಕೈ ನೋಡಿಕೋ ಮಗನೇ. ಅದು ಏನೂ ಮರೆತಿರಲಿಲ್ಲ.