ಹದಿನಾರೂವರೆ ಇಂಚಿನ ಕೊರಳುಪಟ್ಟಿ

ಮನೆ, ಮುಂಗೋಣೆಯ ಮೇಜು
ಬುಧವಾರ, ಹನ್ನೊಂದನೆಯ ತಾರೀಖು, ಬೆಳಗ್ಗೆ

ಸಹಧರ್ಮಿಣಿಗೆ ಅನೇಕ ಆಶೀರ್ವಾದಗಳು.

ಭಗವತ್ಕೃಪೆಯಿಂದ ನಾನು ಕ್ಷೇಮ. ನಿನ್ನ ಕ್ಷೇಮವನ್ನೂ ನಿನ್ನ ಅಕ್ಕನವರ ಮುರಿದ ಕಾಲಿನ ಸಮಾಚಾರವನ್ನೂ ವಿವರವಾಗಿ ತಿಳಿಸತಕ್ಕದ್ದು. ಕಟ್ಟು ಬಿಚ್ಚಿದರೋ, ಇನ್ನೂ ಹದಿನೈದು ದಿನವೆಂದರೋ? ಆಕೆಯ ಶುಶ್ರೂಷೆಯ ಭರದಲ್ಲಿ ನಿನ್ನ ರಕ್ತದೊತ್ತಡದ ಮಾತ್ರೆಯನ್ನು ಮರೆಯಬೇಡ. ಲೋಕದವರ ಔಷಧವನ್ನೆಲ್ಲ ನೆನಪಿಟ್ಟು ನಿನ್ನದನ್ನು ಮಾತ್ರ ಡಬ್ಬಿಯಲ್ಲೇ ಬಿಡುವವಳು ನೀನು. ಇಲ್ಲಿ ಹಾಲು ಎರಡು ಸಲ ಉಕ್ಕಿತು, ಒಂದು ಸಲ ಸೀದಿತು. ಉಳಿದಂತೆ ಗೃಹಕೃತ್ಯ ಸುಸೂತ್ರವಾಗಿದೆ. ಪ್ರಾತಃಕಾಲದ ಪ್ರಾರ್ಥನೆ ಒಂದು ದಿನವೂ ತಪ್ಪಿಲ್ಲ, ಇವತ್ತಿನ ಹೊರತು. ಇವತ್ತು ಕಣ್ಣು ಮುಚ್ಚಿದರೆ ದೇವರ ಬದಲಿಗೆ ಒಂದು ಅಂಗಿಯ ಕೊರಳುಪಟ್ಟಿ ಕಾಣಿಸುತ್ತಿತ್ತು. ಕಾರಣವನ್ನು ಕ್ರಮವಾಗಿ ಬರೆಯುತ್ತೇನೆ.

ನನ್ನ ಮಂಡಿಯ ಬಿಗಿತಕ್ಕೆ ಸೈಕಲ್ ತುಳಿಯಬೇಕೆಂದು ವೈದ್ಯರು ವಿಧಿಸಿದ್ದನ್ನು ನೀನು ಬಲ್ಲೆ. ನನ್ನ ಸೈಕಲ್ಲಿನ ಚೈನು ತುಂಡಾಗಿದ್ದುದರಿಂದ ನಿನ್ನೆ ಮಂಗಳವಾರ ನಿನ್ನದನ್ನೇ ಹೊರತೆಗೆದೆ. ಪಕ್ಕದ ಮನೆಯ ಸ್ಟೇಷನ್ ಮಾಸ್ತರರು ಸದಾ ಕೊಂಡಾಡುವ ಸುತ್ತುದಾರಿಯನ್ನು, ಎತ್ತರದ ಹುಲ್ಲುಬಯಲನ್ನು ಬಳಸಿ ಮೂರು ಹಳ್ಳಿಗಳನ್ನು ಹಾಯ್ದು ಹೊರಟಲ್ಲಿಗೇ ಬಂದು ಸೇರುವ ಆ ಇಪ್ಪತ್ತೆರಡು ಕಿಲೋಮೀಟರನ್ನು, ಈ ಪ್ರಾಯದಲ್ಲಾದರೂ ಒಮ್ಮೆ ನೋಡಿಬಿಡಬೇಕೆಂಬ ಹುಮ್ಮಸ್ಸು ಬಂದಿತು. ನಿಜ ಹೇಳಬೇಕೆಂದರೆ ಆ ಬಯಲು ವರ್ಣನೆಗೆ ನಿಲುಕುವಂಥದಲ್ಲ. ಮೊಣಕಾಲೆತ್ತರದ ಕುರುಚಲು ಗಿಡಗಳೆಲ್ಲ ನಸುನೇರಿಳೆಯ ಹೂ ತಳೆದು, ಗಾಳಿ ಬೀಸಿದಾಗಲೊಮ್ಮೆ ಇಡೀ ದಿಣ್ಣೆ ಉಸಿರಾಡಿದಂತೆ ಏರಿ ಇಳಿಯುತ್ತಿತ್ತು. ನಡುನಡುವೆ ಮಸಿಯಂತೆ ಕಪ್ಪಾದ ನೀರಿನ ಹೊಂಡಗಳು, ಅವುಗಳಲ್ಲಿ ಒಂದು ಎಳೆಯೂ ಕದಲದ ಮೋಡಗಳು. ಸೃಷ್ಟಿಕರ್ತನ ಕೈಬರಹದಲ್ಲಿ ತಿದ್ದತಕ್ಕ ತಪ್ಪೊಂದೂ ಇಲ್ಲವೆಂದುಕೊಳ್ಳುತ್ತ ಮೊದಲನೆಯ ಹಳ್ಳಿಗೆ ಇಳಿದೆ. ನೆಮ್ಮದಿ ಅಲ್ಲಿಗೆ ಮುಗಿಯಿತು.

ಬೇಕರಿಯವನು ನನ್ನನ್ನು ನೋಡಲಿಲ್ಲ, ಸೈಕಲ್ಲನ್ನು ನೋಡಿದ. "ಇದು ಅಮ್ಮಾವ್ರ ಗಾಡಿ ಅಲ್ವಾ? ಇವತ್ತು ಗುರುವಾರ ಅಲ್ವಲ್ಲ ಸ್ವಾಮಿ, ಅವರ ಬ್ರೆಡ್ ಇನ್ನೂ ಬೇಯ್ಸೇ ಇಲ್ಲ!" ಎಂದ. ಆ ಹಳ್ಳಿಯ ಕಣ್ಣು ಕಾಣದ ವೃದ್ಧೆಗೆ ಪುಣ್ಯಗ್ರಂಥ ಓದಿಹೇಳಲು ಪ್ರತಿ ಗುರುವಾರ ನೀನು ಹೋಗುತ್ತೀಯೆಂಬುದು ನನ್ನ ತಿಳಿವಳಿಕೆಯಾಗಿತ್ತಷ್ಟೆ. ಹೇಗಿದ್ದಾರೆ ಆ ತಾಯಿ ಎಂದು ಕೇಳಿದೆ. ಆತ ಕೈಗಂಟಿದ ಹಿಟ್ಟನ್ನು ಒರೆಸಿಕೊಂಡು, "ಯಾರು, ಆ ಅಜ್ಜೀನಾ? ತೀರ್ಕೊಂಡು ಮೂರು ವರ್ಷ ಆಯ್ತಲ್ಲ. ನಿಮಗೆ ಯಾರೂ ಹೇಳ್ಲಿಲ್ವಾ?" ಎಂದ. ಮೂರು ವರ್ಷಕ್ಕೆ ಗುರುವಾರಗಳೆಷ್ಟು? ದಿಣ್ಣೆ ಹತ್ತುತ್ತ ಲೆಕ್ಕ ಹಾಕಿದೆ, ಉಸಿರು ಕಟ್ಟಿತು; ಅದು ದಿಣ್ಣೆಯಿಂದಲೋ ಲೆಕ್ಕದಿಂದಲೋ ಅರಿಯೆ.

ಎರಡನೆಯ ಹಳ್ಳಿ ಇನ್ನೂ ನಿಶ್ಶಬ್ದವಾದದ್ದು. ಒಂದೇ ಬೀದಿ, ಬಿಸಿಲಿಗೆ ಮೈಯೊಡ್ಡಿದ ಒಂದು ಬೆಕ್ಕು, ಕಿಟಕಿಯಲ್ಲಿ ಒಬ್ಬ ದರ್ಜಿ. ಅವನಿಗೂ ಸೈಕಲ್ಲಿನ ಗುರುತು. "ಶರ್ಟು ಅವರಿಗೆ ಸರಿಹೋಯ್ತಂತಾ? ಹದಿನಾರೂವರೆ ಕಾಲರು ಸ್ವಾಮಿ, ಕೊರಳಲ್ಲ ಅದು, ಮರದ ಬುಡ!" ಎಂದು ತನ್ನ ಮಾತಿಗೆ ತಾನೇ ನಕ್ಕ. ನಾನು ನಗಲಿಲ್ಲ. ನನ್ನ ಕೊರಳು ಹದಿನಾಲ್ಕೂವರೆ ಇಂಚು; ನಲವತ್ತಾರು ವರ್ಷ ನನ್ನ ಅಂಗಿಗಳಿಗೆ ಗುಂಡಿ ಹೊಲಿದ ನಿನಗೆ ಅದು ತಿಳಿಯದ್ದಲ್ಲ. ಸಂಶಯವೆಂಬುದು ಗೆದ್ದಲಿನಂತೆ; ಹೊರಗಿನಿಂದ ತೊಲೆ ನೆಟ್ಟಗೇ ಇರುತ್ತದೆ. ನಾನೂ ನೆಟ್ಟಗೆ ಕುಳಿತೇ ಸೈಕಲ್ ತುಳಿದೆ. ಆದರೆ ಬಯಲಿನ ಒಂದು ಹೂವಾದರೂ ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ. ನಿನ್ನ ಹೊಸ ಕನ್ನಡಕ, ಗುರುವಾರದ ನಿನ್ನ ಗೆಲುವು, ರಾತ್ರಿಯ ಊಟಕ್ಕೆ 'ಹಸಿವಿಲ್ಲ' ಎನ್ನುವುದು, ಎಲ್ಲವೂ ಸಾಲಾಗಿ ಬಂದು ಸಾಕ್ಷಿ ನುಡಿದವು. ಎಪ್ಪತ್ತೊಂದರ ಮುದುಕನಿಗೆ ಇದು ಶೋಭಿಸುವ ಚಿಂತೆಯಲ್ಲ, ಕ್ಷಮಿಸು.

ಮೂರನೆಯ ಹಳ್ಳಿಯ ಕೊನೆಯಲ್ಲಿ ಒಂದು ತಗಡಿನ ಶೆಡ್ಡು. ಅದರ ತೆರೆದ ಬಾಗಿಲಿನಿಂದ ಟಿಕ್, ಟಿಕ್ ಎಂಬ ಸದ್ದು ಬರುತ್ತಿತ್ತು. ಅಚ್ಚುಮೊಳೆಗಳನ್ನು ಒಂದೊಂದಾಗಿ ಸಾಲಿಗೆ ಜೋಡಿಸುವ ಸದ್ದು. ಅಚ್ಚುಕೂಟದಲ್ಲಿ ಮೂವತ್ತು ವರ್ಷ ಅದನ್ನು ಕೇಳಿದ ಕಿವಿಗೆ ಕೈ ಯಾರದೆಂದು ಹೇಳಬೇಕಾಗಿಲ್ಲ. ಬ್ರೇಕು ಒತ್ತಿದೆ, ಅದು ಕಿರ್ರೆಂದಿತು. ಒಳಗಿದ್ದವನು ಬಾಗಿದ ದಪ್ಪ ಕೊರಳನ್ನು ಎತ್ತದೆಯೇ, "ಏನತ್ತಿಗೆ, ಮಂಗಳವಾರಾನೇ ಬಂದ್ಬಿಟ್ರಿ? ಬ್ರೇಕು ಮತ್ತೆ ಕಿರುಚ್ತಿದೆ, ಗಾಡಿ ಅಲ್ಲೇ ನಿಲ್ಸಿ, ನೋಡ್ತೀನಿ. ಅಣ್ಣ ಹೇಗಿದ್ದಾನೆ? ಊಟ ಮಾಡ್ತಾ ಇನ್ನೂ ಉಪ್ಪಿನ ಪೊಟ್ಟಣದ ಮೇಲಿನ ತಪ್ಪು ತಿದ್ತಾನಾ?" ಎಂದ.

ಹನ್ನೊಂದು ವರ್ಷಗಳ ತರುವಾಯ ನನ್ನ ತಮ್ಮನ ದನಿ. ಕಳ್ಳನಂತೆ ಸೈಕಲ್ ತಿರುಗಿಸಿ, ಶೆಡ್ಡಿನ ಮರೆಯಿಂದ ನೂಕಿಕೊಂಡು ಬಂದುಬಿಟ್ಟೆ.

ಮೊದಲನೆಯ ಸಂಶಯ ಅಲ್ಲಿಗೆ ಕಳಚಿತು, ಅದಕ್ಕಾಗಿ ನಾಚಿಕೆಯಾಗಿದೆ. ಆದರೆ ಎರಡನೆಯದು ಹುಟ್ಟಿ ರಾತ್ರಿಯೆಲ್ಲ ನಿದ್ರಿಸಗೊಡಲಿಲ್ಲ. ನಡೆದದ್ದು ನಿನಗೆ ಗೊತ್ತೇ ಇದೆ: ಅಚ್ಚುಕೂಟದಲ್ಲಿ ಅವನು ಮೊಳೆ ಜೋಡಿಸುವವನು, ನಾನು ಕರಡು ತಿದ್ದುವವನು. ಪ್ರಾರ್ಥನಾ ಪುಸ್ತಕದ ಎರಡು ಸಾವಿರ ಪ್ರತಿಗಳಲ್ಲಿ ಒಂಬತ್ತನೆಯ ಪುಟವಿರಬೇಕಾದಲ್ಲಿ ಹನ್ನೆರಡನೆಯದು ಅಚ್ಚಾಗಿ, ಪಶ್ಚಾತ್ತಾಪದ ನಡುವೆ ಮಂಗಳ ಬಂದು ಕುಳಿತಿತು. ದೇವರ ಮಾತನ್ನು ಕೆಡಿಸಿದೆಯೆಂದು ಎಲ್ಲ ಕೆಲಸಗಾರರ ಮುಂದೆ ನಾನು ಅವನನ್ನು ನಿಂದಿಸಿದೆ. ಅವನು ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ ಹೊರನಡೆದ. ಅವನ ಹೆಸರೆತ್ತಕೂಡದೆಂದು ನಿನಗೆ ವಿಧಿಸಿದವನೂ ನಾನೇ. ನೀನು ಹೆಸರೆತ್ತಲಿಲ್ಲ; ಬ್ರೆಡ್ಡು ಒಯ್ದೆ, ಅಂಗಿ ಹೊಲಿಸಿದೆ. ಮೂರು ವರ್ಷ ಗುರುವಾರ ಗುರುವಾರ ಎದುರುಬದುರು ಕುಳಿತವರು ಏನು ಮಾತನಾಡಿರಬಹುದು? ಅವನು ನಿನಗೇನಾದರೂ ಹೇಳಿದ್ದಾನೆಯೇ? ಯಾವುದಾದರೂ ಹಳೆಯ ಕಾಗದವನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದ್ದಾನೆಯೇ? ನೀನು ನನಗೆ ನೀರು ತಂದುಕೊಡುವಾಗ ಒಮ್ಮೊಮ್ಮೆ ಒಂದು ಕ್ಷಣ ಹೆಚ್ಚಾಗಿ ನೋಡುತ್ತೀಯಲ್ಲ, ಅದು ಯಾವಾಗಿನಿಂದ? ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂದು ನಗಬೇಡ.

ನಿನ್ನ ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸು. ಭಗವಂತನು ಅವರ ಎಲುಬನ್ನು ಕೂಡಿಸಲಿ, ನಿನಗೆ ಆಯುರಾರೋಗ್ಯ ಕೊಡಲಿ.

ಇತಿ ಸದಾ ನಿನ್ನ ಶ್ರೇಯಸ್ಸನ್ನು ಬಯಸುವ,
ನಿನ್ನ ಮನೆಯವರು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಅಂಚೆಯವನು ಬಾಗಿಲಲ್ಲಿ ನಿಂತು "ಬೇಗ ಬರೀರಿ ಯಜಮಾನ್ರೇ" ಎನ್ನುತ್ತಿದ್ದಾನೆ. ಕಡೆಯ ಕರಡಿನ ಹಾಳೆಗೆ ತಿದ್ದುವವನು ಸಹಿ ಮಾಡಿದ ಮೇಲೆ ತಪ್ಪು ಅವನದೇ ಎಂಬುದು ನಮ್ಮ ಕಸುಬಿನ ನಿಯಮ. ಆ ಹಾಳೆಯ ಮೇಲೆ ನನ್ನ ಸಹಿ ಇತ್ತು. ಅಂದು ಉಪವಾಸವಿದ್ದೆ, ತಲೆ ತಿರುಗುತ್ತಿತ್ತು, ಮಡಿಕೆ ಬಿಚ್ಚದೆಯೇ ಸಹಿ ಹಾಕಿದೆ. ಅವನನ್ನು ಬೈಯುವಾಗಲೇ ನನಗೆ ಗೊತ್ತಿತ್ತು. ಹಾಳೆ ಅವನ ಕೈಯಲ್ಲೇ ಇತ್ತು. ಯಾರಿಗೂ ತೋರಿಸದೆ ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಅವನು ನಿನಗೆ ಹೇಳಿಲ್ಲವಾದರೆ ಇದು ನನ್ನಿಂದಲೇ ನಿನಗೆ ಮೊದಲು ತಿಳಿಯಲಿ. ಹೇಳಿದ್ದರೆ, ತಿಳಿದೂ ನನ್ನ ಜೊತೆ ಬಾಳಿದ್ದಕ್ಕೆ ಏನನ್ನಲಿ? ಈ ಪತ್ರವನ್ನು ಅಂಚೆಯವನ ಕೈಗೆ ಕೊಟ್ಟು ಅವನ ಆ ಶೆಡ್ಡಿಗೇ, ತಮ್ಮನಲ್ಲಿಗೇ ಹೊರಟಿದ್ದೇನೆ. ಒಳಗೆ ಹೋದೆನೋ, ನಿನ್ನೆಯಂತೆ ಹಿಂದಿರುಗಿದೆನೋ ಎಂಬುದನ್ನು ನನ್ನನ್ನು ಕೇಳಬೇಡ, ನನ್ನ ಮಾತಿಗೆ ನಂಬಿಕೆ ಸಾಲದು. ಅವನನ್ನೇ ಕೇಳು.