ಮಾವನ ರುಮಾಲು

ಮಾನ್ವಿ
14-7-1983

ಶಕ್ತಿನಗರದಲ್ಲಿರುವ ನಮ್ಮ ಮನೆಯವರಿಗೆ ಹುಲಗೆಮ್ಮ ಮಾಡುವ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ, ಅತ್ತೆ ಈಗ ಆರಾಮಾಗಿದ್ದಾರೆ, ಗಾಬರಿಯಾಗಬೇಡಿ. ಯುಗಾದಿಗೆ ಬಂದಾಗ ಅತ್ತೆ-ಸೊಸೆಯ ಜಗಳ ನೋಡಿ, "ನಮ್ಮವ್ವಗ ನಿನ್ನಿಂದ ಏನರ ಆತಂದ್ರ ದೇವದುರ್ಗದ ಬಸ್ಸು ಹತ್ತಸ್ತೀನಿ" ಎಂದು ಹೋದವರು ನೀವು. ನನ್ನ ತವರಿನ ದಾರಿ ನನಗೂ ಗೊತ್ತಿದೆ ಬಿಡಿ. ಆದರೂ ಆ ಮಾತಿಗೆ ಅಂಜಿಯೇ ಇಷ್ಟು ದಿನ ಬರೆಯಲಿಲ್ಲ.

ಹದಿನೈದು ದಿನದ ಹಿಂದೆ ಅತ್ತೆ ಬದನೆಕಾಯಿ ಬುಟ್ಟಿ ಹೊತ್ತು ಬಸ್ಸು ಇಳಿಯುವಾಗ ಕಾಲು ಜಾರಿತು, ಮೆಟ್ಟಿಲಿಗೆ ಎದೆ ಬಡಿಯಿತು. ಅರವತ್ತೆಂಟರ ಜೀವ, ಅಯ್ಯೋ ಅನ್ನಲಿಲ್ಲ. ಕಾಯೆಲ್ಲ ಮಾರಿಯೇ ಮನೆಗೆ ಬಂದರು! ಮಲಗಲು ಹೋದಾಗ ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚತೊಡಗಿತು. ಪಕ್ಕೆಗೆ ಪೆಟ್ಟಾದರೆ ನಮ್ಮ ಕಡೆ ಏನು ಮಾಡುತ್ತಾರೆಂದು ನಿಮಗೂ ಗೊತ್ತು. ತೀರಿಹೋದ ಮಾವ ತಲೆಗೆ ಸುತ್ತುತ್ತಿದ್ದ ರುಮಾಲನ್ನು ಎದೆಗೆ ಬಿಗಿಯಾಗಿ ಸುತ್ತಿದ್ದಾಯಿತು. ನೋವೇನೋ ಇಳಿಯಿತು. ನಾಲ್ಕನೇ ದಿನಕ್ಕೆ ಜ್ವರ, ಏದುಸಿರು.

ರಾಯಚೂರಿನ ದವಾಖಾನೆಯಲ್ಲಿ ಫೋಟೋ ತೆಗೆದರೆ ಮೂರು ಪಕ್ಕೆಲುಬು ಮುರಿದಿದ್ದವು. ರುಮಾಲು ಬಿಚ್ಚಿದ ಡಾಕ್ಟರು ಸಿಟ್ಟಿಗೆದ್ದರು. ಈ ವಯಸ್ಸಿನಲ್ಲಿ ಎದೆ ಬಿಗಿದರೆ ಪೂರ್ತಿ ಉಸಿರಾಡಲಾಗದೆ ಒಳಗೆ ಕಫ ಕಟ್ಟುತ್ತದೆ, ಜೀವವೇ ಹೋಗುತ್ತದೆ, ಕಟ್ಟಿದ್ದು ಯಾರು ಎಂದು ಕೇಳಿದರು. ಅತ್ತೆ ತಡಮಾಡಲಿಲ್ಲ. "ನಾನ ಕಟಗೊಂಡೀನ್ರಿ ಯಪ್ಪಾ" ಅಂದರು.

ಸೂಜಿ-ಔಷಧಿಯ ಜೊತೆಗೆ, ದಿಂಬು ಎದೆಗೊತ್ತಿಕೊಂಡು ಕೆಮ್ಮಬೇಕು, ತಾಸಿಗೊಮ್ಮೆ ಹತ್ತು ಸಲ ಆಳವಾಗಿ ಉಸಿರೆಳೆಯಬೇಕು ಎಂದರು ಡಾಕ್ಟರು. "ಉಸರು ಸುಮ್ನ ಯಾಕ ಹಾಳು ಮಾಡ್ಲಿ" ಎಂದು ಅತ್ತೆ ಸಂತೆಯ ಕೂಗನ್ನೇ ಶುರುಮಾಡಿದರು, "ಬದನಿಕಾಯ್ ಬರ್ರೀ!" ಮೊದಲ ದಿನ ಕಣ್ಣಲ್ಲಿ ನೀರು, ದನಿ ಪಕ್ಕದ ಮಂಚಕ್ಕೂ ಮುಟ್ಟಲಿಲ್ಲ. ಬಿಡಲಿಲ್ಲ ನೋಡಿ ಆಕೆ! ನಿನ್ನೆ ಮನೆಗೆ ಬಂದವರು ಕಟ್ಟೆಯ ಮೇಲೆ ಕೂತು ಕೂಗಿದರೆ, ಇಬ್ಬರು ಚೀಲ ಹಿಡಿದು ಬಂದೇಬಿಟ್ಟರು. ಎಂಥ ಗಟ್ಟಿಗಿತ್ತಿ ನಿಮ್ಮವ್ವ! ಇಷ್ಟು ವರ್ಷ ಈ ದನಿಯ ಜೊತೆಗೇ ಜಗಳವಾಡಿದೆ. ಈಗ ಅದು ಕೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಇಂತಿ ನಿಮ್ಮ
ಹುಲಗೆಮ್ಮ

ತಾ.ಕ.: ಇದೊಂದನ್ನು ಬರೆಯಬಾರದೆಂದು ಅತ್ತೆ ಆಣೆ ಮಾಡಿಸಿಕೊಂಡಿದ್ದಾರೆ. "ನನ ಮಗ ಯಂಕೋಬ ಸಿಟ್ಟಿನವ, ನಿನ್ನ ಕಳಸಿಗಿಳಸ್ಯಾನು" ಅಂದರು. ರುಮಾಲು ಕಟ್ಟಿದ್ದು ನಾನು. ಸಡಿಲ ಮಾಡು ಎಂದರೂ ಕೇಳದೆ, ಬೆನ್ನಿಗೆ ಮೊಣಕಾಲು ಊರಿ ಎಳೆದು ಬಿಗಿದೆ. ಗಂಟು ಬೆನ್ನ ಮೇಲಿತ್ತು. ಬಿಚ್ಚಿದ ಡಾಕ್ಟರಿಗೂ ತಿಳಿದಿರಬೇಕು. ನನ್ನನ್ನು ಬಸ್ಸು ಹತ್ತಿಸುವುದಿದ್ದರೆ ಬನ್ನಿ. ಅತ್ತೆ ಕಟ್ಟೆಯ ಮೇಲೇ ಇರುತ್ತಾರೆ, ದನಿ ಈಗ ಗಟ್ಟಿಯಾಗಿದೆ.