ಬಿಳಿ ಚುಕ್ಕೆಯ ಜೀರುಂಡೆ

ಜುಲೈ 8, ಬೆಳಿಗ್ಗೆ 7.20
ಇಪ್ಪತ್ತನಾಲ್ಕು ಕಪ್. ಇಪ್ಪತ್ತನಾಲ್ಕೂ ಖಾಲಿ. ಇರುವೆ, ಕಲ್ಲುಪುಡಿ, ಒಂದು ಗುಟ್ಕಾ ಕವರ್... ನೆಲಕ್ಕೆ ಸಮವಾಗಿ ಹೂತ ಕಪ್, ಒಳಗೆ ಅರ್ಧ ಉಪ್ಪುನೀರು, ಬಿದ್ದದ್ದು ಸತ್ತು ಕೆಡದೆ ಉಳಿಯಲೆಂದು. ನಡೆದು ಬಂದ ಜೀರುಂಡೆ ಬೀಳಲೇಬೇಕು. ಬರಬೇಕಲ್ಲ!

ಜಿಗಣಿಯ ಈ ಕ್ವಾರಿ ಮುಚ್ಚಿ ಐದು ವರ್ಷ. ಕಲ್ಲು ಕೊಯ್ದ ಕೆಸರು, ಸ್ಲರಿ, ಸುರಿದ ನೆಲಕ್ಕೆ ಹೊಸ ಮಣ್ಣು ಹರಡಿದರು, ಹೊಂಗೆ ನೆಟ್ಟರು. ಹೊಂಗೆ ಬಂತು. ಜೀರುಂಡೆ ಬಂದರೆ ಮಾತ್ರ ನೆಲಕ್ಕೆ ಜೀವ ಬಂತು ಎಂದು ನಾನು ಬರೆಯಬಹುದು. ಇದು ನನ್ನ ಸಂಶೋಧನೆಯ ಮೂರನೇ ಮಳೆಗಾಲ. ಕೊನೆಯದೂ ಹೌದು.

ಅಲ್ಲೇ ಕೂತು ಅತ್ತುಬಿಟ್ಟೆ. ವಾಚ್‌ಮನ್ ಸೊಣ್ಣಪ್ಪಣ್ಣ ನೋಡಿದರು. ಇದೇ ಕ್ವಾರಿಯಲ್ಲಿ ಇಪ್ಪತ್ತು ವರ್ಷ ಡ್ರಿಲ್ಲಿಂಗ್ ಮಾಡಿ ಕೆಮ್ಮು ಹತ್ತಿಸಿಕೊಂಡವರು. “ಇವತ್ತೂ ಏನೂ ಬೀಳ್ನಿಲ್ವಾ ತಾಯಿ?”

ಜುಲೈ 9
ಕೆರೆ ಏರಿ. ಸೊಣ್ಣಪ್ಪಣ್ಣನ ಊರಿನದು. ಕ್ವಾರಿಯಿಂದ ಎರಡು ಕಿಲೋಮೀಟರ್. ಇಲ್ಲಿನ ಕಪ್‌ಗಳಿಗೆ ಉಪ್ಪುನೀರು ಹಾಕುವುದಿಲ್ಲ. ಬಿದ್ದವನ್ನು ಎಣಿಸಿ, ಬೆನ್ನಿಗೆ ಬಿಳಿ ನೇಲ್ ಪಾಲಿಷ್‌ನ ಚುಕ್ಕೆ ಇಟ್ಟು ಬಿಡುತ್ತೇನೆ. ಇವತ್ತು ಮೂವತ್ತೊಂದು. ದಪ್ಪ, ಕಪ್ಪು, ಹಾರಲು ಬಾರದ ಜಾತಿ. ಸುತ್ತಮುತ್ತ ಉಳಿದಿರುವುದು ಈ ಏರಿಯಲ್ಲಷ್ಟೇ.

ತಂಗಿ ಸೌಮ್ಯಳ ತಮಾಷೆ: “ಹುಳಕ್ಕೆ ನೇಲ್ ಪಾಲಿಷ್ ಹಚ್ತೀಯ, ನಿನ್ ಉಗುರು ನೋಡ್ಕೊಂಡಿದ್ದೀಯೇನಕ್ಕಾ?”

ಆಗಸ್ಟ್ 19
ಎರಡು! ಕ್ವಾರಿಯಲ್ಲಿ, ಆರನೇ ಕಪ್‌ನಲ್ಲಿ. ಎರಡರ ಬೆನ್ನಿಗೂ ಬಿಳಿ ಚುಕ್ಕೆ. ಲಾರಿ ರಸ್ತೆ ದಾಟಿ ನಡೆದು ಬಂದಿವೆ — ಕೂಗಿಯೇಬಿಟ್ಟೆ. ಸೊಣ್ಣಪ್ಪಣ್ಣನ ಮುಖವೂ ಅರಳಿತು.

ಸೆಪ್ಟೆಂಬರ್ 16
ಕ್ವಾರಿಯಲ್ಲಿ ಹದಿಮೂರು. ಏರಿಯಲ್ಲಿ ಐದೇ. ಅಲ್ಲಿ ಕಡಿಮೆ, ಇಲ್ಲಿ ಜಾಸ್ತಿ — ಅಂದರೆ ಇತ್ತ ಬರುತ್ತಿವೆ. ಗೈಡ್ ಹನುಮೇಶ ಸರ್ ಫೋನ್ ಮಾಡಿದರು. “ರಿಕವರಿ ಶುರುವಾಗಿದೆ ಅಂತ ಧೈರ್ಯವಾಗಿ ಬರೀರಿ.” ಫೋಟೋ ಸಮೇತ ವರದಿ ಬರೆದು ಕಳಿಸಿದೆ.

ಅಕ್ಟೋಬರ್ 7, ಬೆಳಿಗ್ಗೆ 6.10
ಬಸ್ ಬೇಗ ಸಿಕ್ಕಿತು. ಸಿಗಬಾರದಿತ್ತು.

ಸೊಣ್ಣಪ್ಪಣ್ಣ ಆರನೇ ಕಪ್ ಮುಂದೆ ಮಂಡಿಯೂರಿ ಕೂತಿದ್ದರು. ಕೈಯಲ್ಲಿ ಊಟದ ಡಬ್ಬಿ. ಒಳಗೆ ಪರಪರ ಸದ್ದು.

“ಏನಣ್ಣಾ ಇದು?”

“ಏರಿ ಮ್ಯಾಲೆ ನಿಮ್ ಲೋಟ್ದಾಗೇ ಬಿದ್ದಿರ್ತವೆ ಕಣವ್ವಾ. ನೀವು ಬರೋ ಮುಂಚೆ ತಂದಾಕ್ತೀನಿ. ಹೆಣ್ಮಗಳು ಬಾಗ್ಲಿಗೆ ಬಂದು ಬರಿಗೈಲಿ ಓದ್ರೆ ಎಂಗೆ? ಮನೇಲಾದ್ರೆ ಒಂದಚ್ಚು ಬೆಲ್ಲ ಮಡ್ಲಿಗಾಕಿ ಕಳಿಸ್ತೀವಿ. ಈ ಬಂಡೇಲಿ ಏನೈತೆ ಕೊಡಕ್ಕೆ?”

ಯಾರನ್ನು ಬೈಯಲಿ? ನಡೆದು ಬಂದವು ಎಂದು ನಂಬಿದವಳು ನಾನು. ಉಪ್ಪುನೀರು ಸುರಿದವಳೂ ನಾನೇ. ಇನ್ನು ತರಬೇಡಿ ಎಂದೆ.

“ತಪ್ಪಾಯ್ತಾ ತಾಯಿ?”

ಇಲ್ಲ ಎಂದೆ.

ಡಬ್ಬಿಯಲ್ಲಿದ್ದ ನಾಲ್ಕನ್ನು ಏರಿಗೆ ಒಯ್ದು ಬಿಟ್ಟೆ.

ಅಕ್ಟೋಬರ್ 8
ಏರಿಯ ಕಪ್‌ಗಳೆಲ್ಲ ಖಾಲಿ.

ಅಕ್ಟೋಬರ್ 21
ಖಾಲಿ. ಕಲ್ಲು, ತರಗೆಲೆ ಎಲ್ಲ ಎತ್ತಿ ನೋಡಿದೆ. ಆ ನಾಲ್ಕೂ ಇಲ್ಲ. ಅಷ್ಟು ವರ್ಷ ನಡೆದ ಕ್ವಾರಿಗೂ ಮುಗಿಸಲಾಗದೆ ಉಳಿದದ್ದನ್ನು ನಾವಿಬ್ಬರು ಒಂದೇ ಮಳೆಗಾಲದಲ್ಲಿ ಮುಗಿಸಿದೆವು.

ನವೆಂಬರ್ 18
ಕ್ವಾರಿ ಗೇಟಿಗೆ ಹೊಸ ಬೋರ್ಡ್: ‘ಜೀವ ಮರಳಿದ ನೆಲ’. ಕೆಳಗೆ ಜೀರುಂಡೆಯ ಫೋಟೋ, ನಾನು ತೆಗೆದದ್ದು. ಚುಕ್ಕೆ ಸಮೇತ.

ಕಪ್‌ಗಳನ್ನು ಕಿತ್ತು ಚೀಲಕ್ಕೆ ತುಂಬಿದೆ. ಹೊರಟಾಗ ಸೊಣ್ಣಪ್ಪಣ್ಣ ಅದೇ ಡಬ್ಬಿ ತೆರೆದರು. ಒಂದಚ್ಚು ಬೆಲ್ಲ. “ಏರೀಲೂ ಒಂದೂ ಕಾಣಾಕಿಲ್ಲ ಕಣವ್ವಾ. ಇದನ್ನಾದ್ರೂ ತಗೊಳ್ಳಿ.”

ಸೆರಗಿಲ್ಲ. ವೇಲ್ ಒಡ್ಡಿದೆ.

ನವೆಂಬರ್ 19
ಮೇಲ್ ಬರೆಯುತ್ತಿದ್ದೇನೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ — ಸರ್, ಆ ಜೀರುಂಡೆಗಳು ನಡೆದು ಬಂದವಲ್ಲ. ಅವನ್ನು ತಂದು ಹಾಕಿದವರು...